ಲೈನ್ ಮನೆಯೂ ಬ್ಯಾಂಕಿನ ಲೆಕ್ಕವೂ

ಸಕಲೇಶಪುರ, ಆಲೂರಿನ ಮಲೆಗಳಲ್ಲಿ ಸಾಲವೆಂಬುದು ಬ್ಯಾಂಕಿಗಿಂತ ಹಳೆಯದು. ತೋಟದ ಧಣಿಗೆ ಮುಂದಿನ ಫಸಲಿನ ಮೇಲೆ ಕಾಫಿ ಕ್ಯೂರಿಂಗ್ ಕಂಪನಿಗಳೂ ವರ್ತಕರೂ ಮುಂಗಡ ಕೊಡುತ್ತಿದ್ದರು. ಕೂಲಿಯಾಳಿಗೆ ಮುಂಗಡ ಕೊಡುತ್ತಿದ್ದವನು ಮೇಸ್ತ್ರಿ. ಮಳೆಗಾಲ ಮುಗಿದೊಡನೆ ದಕ್ಷಿಣ ಕನ್ನಡದಿಂದ ಘಟ್ಟ ಹತ್ತುತ್ತಿದ್ದ ಕುಟುಂಬಗಳು ಆ ಋಣ ತೀರಿಸಲು ದುಡಿಯುತ್ತಿದ್ದವು. ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಸೆರೆಮನೆಗೆ ಕಳಿಸಲು ಬ್ರಿಟಿಷರ 1859ರ ಕಾಯಿದೆಯೇ ಇತ್ತು. ಅದನ್ನು ರದ್ದುಪಡಿಸುವ ಕಾಯಿದೆ ಬಂದದ್ದು 1925ರಲ್ಲಿ.

ಘಟ್ಟದ ಕೆಳಗೆ ಕತೆ ಬೇರೆಯಿತ್ತು. 1906ರಲ್ಲಿ ಉಡುಪಿಯ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳುತನದಲ್ಲಿ, ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎನಿಸಿದ ಸಂಸ್ಥೆ ಹುಟ್ಟಿತು. ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಕೆನರಾ ಬ್ಯಾಂಕಿನ ಮೂಲಸಂಸ್ಥೆ ಕಟ್ಟಿದರು. ಉಡುಪಿಯ ಸಿಂಡಿಕೇಟ್ ಬ್ಯಾಂಕ್ 1928ರಿಂದ ಪಿಗ್ಮಿ ಯೋಜನೆಯಲ್ಲಿ ಮನೆಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸಿತು. ಬಡವನ ಎರಡಾಣೆಗೂ ಬೆಲೆಯಿದೆಯೆಂದು ತೋರಿಸಿದ್ದು ಸಣ್ಣ ಮಾತಲ್ಲ. ಆದರೆ ಅವನಿಂದ ಠೇವಣಿ ಪಡೆಯುವುದು ಒಂದು, ಅವನನ್ನು ನಂಬಿ ಸಾಲ ಕೊಡುವುದು ಇನ್ನೊಂದು. ಎರಡನೆಯದಕ್ಕೆ ಸರಕಾರದ ಒತ್ತಾಯವೇ ಬೇಕಾಯಿತು.

1969ರ ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ಅದೇ ವರ್ಷದ ಲೀಡ್ ಬ್ಯಾಂಕ್ ಯೋಜನೆ ಪ್ರತಿ ಜಿಲ್ಲೆಗೂ ಒಂದು ಬ್ಯಾಂಕನ್ನು ಹೊಣೆ ಮಾಡಿತು; ಹಾಸನದ ಪಾಲಿಗೆ ಬಂದದ್ದು ಕೆನರಾ ಬ್ಯಾಂಕ್. 1972ರಲ್ಲಿ ಕಡುಬಡವರಿಗೆ ಶೇ. 4ರ ಬಡ್ಡಿಯ ಸಾಲ ಬಂತು. 1977ರ ನಿಯಮವಂತೂ ಬಿಗಿಯಾಗಿತ್ತು: ಬ್ಯಾಂಕಿರುವ ಊರಲ್ಲಿ ಒಂದು ಶಾಖೆ ತೆರೆಯಬೇಕಾದರೆ ಬ್ಯಾಂಕಿಲ್ಲದ ಕಡೆ ನಾಲ್ಕು ತೆರೆಯಬೇಕು. 1990ರಲ್ಲಿ ಅದನ್ನು ಕೈಬಿಡಲಾಯಿತು.

ಇನ್ನೊಂದು ಅಸ್ತ್ರ ಆದ್ಯತಾ ವಲಯದ ಸಾಲ. ಬ್ಯಾಂಕಿನ ಒಟ್ಟು ಸಾಲದಲ್ಲಿ ಶೇ. 40 ಈ ವಲಯಕ್ಕೆ, ಅದರೊಳಗೆ ಶೇ. 18 ಕೃಷಿಗೆ. ಮಲೆನಾಡಿನಲ್ಲಿ ತೊಡಕು ಇರುವುದೇ ಇಲ್ಲಿ. ಕಾಫಿಯೂ ಕೃಷಿಯೇ. ಪಹಣಿ ಹಿಡಿದು ಬರುವ ತೋಟದ ಮಾಲೀಕನಿಗೆ ಕೊಟ್ಟ ಸಾಲವೂ ಕೃಷಿಯ ಲೆಕ್ಕಕ್ಕೆ ಸೇರುತ್ತದೆ. ಅದೇ ತೋಟದ ಲೈನ್ ಮನೆಯಲ್ಲಿರುವವಳಿಗೆ ಪಹಣಿಯೂ ಇಲ್ಲ, ಅಡವಿಡಲು ಮನೆಯೂ ತನ್ನದಲ್ಲ. ಅವಳು ಲೆಕ್ಕಕ್ಕೆ ಬರುವುದು 'ದುರ್ಬಲ ವರ್ಗ'ದ ಬೇರೆ ಗುರಿಯಿಂದ. ಅದು ಬಹುಕಾಲ ಶೇ. 10 ಇತ್ತು, ಈಚೆಗೆ ಶೇ. 12ಕ್ಕೆ ಏರಿತು. 2015ರಲ್ಲಿ ಐದು ಎಕರೆಯೊಳಗಿನ ರೈತರಿಗೆ ಪ್ರತ್ಯೇಕ ಪಾಲು ಗೊತ್ತುಮಾಡಿದ್ದೂ ಇಂಥ ಕಾರಣಕ್ಕೇ. ಗುರಿಯೊಳಗೆ ಗುರಿ ಇಡದಿದ್ದರೆ ಹಣ ದೊಡ್ಡವರ ಕಡೆಗೇ ಹರಿಯುತ್ತದೆ.

ಮುಸ್ಲಿಮರ ಅನುಭವವೂ ಇದಕ್ಕೆ ಹೊರತಲ್ಲ. 2006ರ ಸಾಚಾರ್ ವರದಿಯ ಪ್ರಕಾರ, ಜನಸಂಖ್ಯೆಯಲ್ಲಿ ಶೇ. 13.4 ಇದ್ದವರಿಗೆ ಆದ್ಯತಾ ವಲಯದ ಸಾಲದ ಮೊತ್ತದಲ್ಲಿ ಸಿಕ್ಕಿದ್ದು ಶೇ. 5ಕ್ಕಿಂತ ಕಡಿಮೆ.

ಗುರಿ ತಪ್ಪಿದ ಬ್ಯಾಂಕು 1995ರಿಂದ ನಬಾರ್ಡ್‌ನ ಗ್ರಾಮೀಣ ಮೂಲಸೌಕರ್ಯ ನಿಧಿಗೆ ಹಣ ಕಟ್ಟಬೇಕು. ಅದರಿಂದ ರಸ್ತೆ, ಸೇತುವೆಗಳಾಗುತ್ತವೆ, ಸಂತೋಷ. 2016ರಿಂದಂತೂ ಗುರಿ ಮೀರಿ ಸಾಲ ಕೊಟ್ಟ ಬ್ಯಾಂಕಿನಿಂದ ಪ್ರಮಾಣಪತ್ರ ಕೊಂಡು ಲೆಕ್ಕ ಸರಿದೂಗಿಸಬಹುದು. ಮಲೆ ಹತ್ತುವ ಕಷ್ಟವೇ ಇಲ್ಲ.

ಜಾಮೀನಿಲ್ಲದೆ ಸಾಲ ತಂದುಕೊಟ್ಟದ್ದು 1992ರಲ್ಲಿ ನಬಾರ್ಡ್ ಬ್ಯಾಂಕುಗಳಿಗೆ ಬೆಸೆದ ಸ್ವಸಹಾಯ ಸಂಘಗಳು. ಆದರೆ ಸಂಘಕ್ಕೆ ವಾರವಾರ ಸಭೆ ಸೇರುವ ಒಂದೇ ಊರಿನ ಸದಸ್ಯರು ಬೇಕು. ಕೊಯ್ಲಿಗೆ ಬಂದು, ಕೊಯ್ಲು ಮುಗಿದೊಡನೆ ಇನ್ನೊಂದು ತೋಟಕ್ಕೆ ಹೊರಡುವವರ ಕೈಗೆ ಅದೂ ಸುಲಭಕ್ಕೆ ಎಟುಕುವುದಿಲ್ಲ.