ಪೆಟ್ಟಿಗೆಗೆ ಬಾರದ ಜೇನು



ಕಳೆದ ತಿಂಗಳು ಸೇಡಂ ಕಡೆಯ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಭೂಪಟ ಬಿಡಿಸುವಾಗ ಕಾಗಿಣಾ ನದಿಯನ್ನು ಭೀಮೆಗೆ ಸೇರಿಸದೆ ನೇರವಾಗಿ ಕೃಷ್ಣೆಗೆ ಹರಿಸಿ ನನ್ನಿಂದ ಬೈಸಿಕೊಂಡವನು ಅವನು. ಈಗ ಹೊಲಮನೆ ನೋಡಿಕೊಂಡಿದ್ದಾನೆ. ತೊಗರಿ ಬಿತ್ತುತ್ತಾನೆ, ಒಂದಿಷ್ಟು ಸೂರ್ಯಪಾನವನ್ನೂ ಹಾಕುತ್ತಾನೆ. "ಸರ, ನಮ್ಮ ಕಡಿ ಜೇನನ್ನೇ ಹಿಡದು ಡಬ್ಬಿಗೆ ಹಾಕ್ಲಿಕ್ಕೆ ಬರ್ತದೇನ್ರಿ?" ಎಂದು ಕೇಳಿದ. ಎರಡು ಮಾತಿನಲ್ಲಿ ಹೇಳಿ ಮುಗಿಸುವ ಪ್ರಶ್ನೆ ಅದಲ್ಲ; ಬರೆದು ತಿಳಿಸುವೆನೆಂದೆ. ಆ ಉತ್ತರವನ್ನೇ ಇಲ್ಲಿ ಎಲ್ಲರಿಗೂ ಬರೆಯುತ್ತಿದ್ದೇನೆ. ಅದರೊಳಗೆ ನನ್ನದೊಂದು ಹಳೆಯ ತಪ್ಪೂ ಸೇರಿಕೊಂಡಿದೆ.

ಜೇನನ್ನು ಪೆಟ್ಟಿಗೆಯಲ್ಲಿ ಸಾಕುವ ವಿದ್ಯೆಗೆ ನಮ್ಮ ದೇಶದಲ್ಲಿ ನೂರು ವರ್ಷಕ್ಕಿಂತ ಸ್ವಲ್ಪ ಹೆಚ್ಚಿನ ಇತಿಹಾಸವಿದೆ. ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಎಂಬ ಪಾದ್ರಿ 1851ರಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿದ. ಹುಟ್ಟು ಹುಟ್ಟಿನ ನಡುವೆ ಓಡಾಡಲು ಬೇಕಾದಷ್ಟೇ ಜಾಗವಿದ್ದರೆ ಜೇನುಹುಳುಗಳು ಅದನ್ನು ಮೇಣದಿಂದ ಮುಚ್ಚದೆ ದಾರಿಯಾಗಿ ಬಿಟ್ಟುಕೊಳ್ಳುತ್ತವೆ. ಹೊರತೆಗೆದು ಮತ್ತೆ ಇಡಬಹುದಾದ ಚೌಕಟ್ಟುಗಳ ಪೆಟ್ಟಿಗೆ ಹುಟ್ಟಿದ್ದು ಈ ತಿಳಿವಿನಿಂದ. ಆದರೆ ಅದರ ಅಳತೆ ಯುರೋಪಿನ ದಪ್ಪ ಜೇನಿಗೆ ಒಪ್ಪುವಂಥದ್ದು. ನಮ್ಮ ತುಡುವೆ ಜೇನಿನ ಮೈಯೂ ಚಿಕ್ಕದು, ಸಂಸಾರವೂ ಚಿಕ್ಕದು. 1910ರ ನಂತರದ ವರ್ಷಗಳಲ್ಲಿ ತಿರುಚಿರಾಪಳ್ಳಿಯ ಫಾದರ್ ನ್ಯೂಟನ್ ಎಂಬವರು ತುಡುವೆಗೆ ತಕ್ಕ ಸಣ್ಣ ಪೆಟ್ಟಿಗೆಯನ್ನು ರೂಪಿಸಿ ಹಳ್ಳಿಗರಿಗೆ ಕಲಿಸಿದರು. ದಕ್ಷಿಣ ಭಾರತದಲ್ಲಿ ಇಂದಿಗೂ ಅದಕ್ಕೆ ನ್ಯೂಟನ್ ಪೆಟ್ಟಿಗೆಯೆಂದೇ ಹೆಸರು. ಕೊಡಗಿನಲ್ಲಿ ಅದು ಬೇರೂರಿತು. 1936ರಲ್ಲಿ ವಿರಾಜಪೇಟೆಯಲ್ಲಿ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘವೇ ಹುಟ್ಟಿಕೊಂಡಿತು. ಆ ಕಾಲಕ್ಕೆ ನಾವು ನಿಜಾಮರ ಸೀಮೆಯವರು. ಕೊಡಗು ನಮಗೆ ಬೇರೊಂದು ದೇಶವಿದ್ದಂತೆಯೇ ಸರಿ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಕೊಡಗಿನವರಾಗಲಿ ಮಲೆನಾಡಿನವರಾಗಲಿ ತುಡುವೆಯನ್ನು ಎಲ್ಲಿಂದಲೋ ಕೊಂಡು ತಂದವರಲ್ಲ. ಮರದ ಪೊಟರೆ, ಹುತ್ತ, ಹಳೆಯ ಗೋಡೆಯ ಬಿರುಕು, ಇವುಗಳಲ್ಲಿ ತಾನಾಗಿಯೇ ನೆಲೆಸಿದ್ದ ಕುಟುಂಬವನ್ನು ಹುಡುಕಿ ಒಕ್ಕಲೆಬ್ಬಿಸಿ ತರುತ್ತಿದ್ದರು. ಸಂಜೆಯ ಹೊತ್ತು ಸ್ವಲ್ಪ ಹೊಗೆಯಾಡಿಸಿ, ಮೊಟ್ಟೆ ಮರಿಗಳಿರುವ ಹುಟ್ಟುಗಳನ್ನು ಮುರಿಯದಂತೆ ಕೊಯ್ದು, ಬಾಳೆಯ ನಾರಿನಿಂದ ಚೌಕಟ್ಟಿಗೆ ಕಟ್ಟಿ, ಹುಳುಗಳನ್ನು ಮೆಲ್ಲನೆ ಪೆಟ್ಟಿಗೆಗೆ ಇಳಿಸಬೇಕು. ರಾಣಿ ಒಳಗೆ ಬಂದಳೆಂದರೆ ಉಳಿದವು ತಾವಾಗಿ ಹಿಂಬಾಲಿಸುತ್ತವೆ. ನಾಲ್ಕಾರು ದಿನ ಸಕ್ಕರೆಯ ಪಾಕ ಕೊಡಬೇಕು. ಇರುವೆ ಹತ್ತದಂತೆ ಪೆಟ್ಟಿಗೆಯ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಬೇಕು. ಮೊದಲು ಕಟ್ಟಿದ ಹುಟ್ಟು ಕಾಡಿನದು, ಆಮೇಲೆ ಕಟ್ಟಿದ್ದು ಮನೆಯದು. ಜೇನು ಮಾತ್ರ ಒಂದೇ.

ಇದರ ಬೆಲೆ ತಿಳಿದದ್ದು 1991-92ರಲ್ಲಿ. ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಆ ವರ್ಷ ದಕ್ಷಿಣ ಭಾರತದ ತುಡುವೆ ಪೆಟ್ಟಿಗೆಗಳಿಗೆ ತಗುಲಿತು. ಮರಿಹುಳು ನೀರು ತುಂಬಿದ ಚೀಲದಂತಾಗಿ ಮನೆಯೊಳಗೇ ಸಾಯುತ್ತದೆ. ನೂರಕ್ಕೆ ತೊಂಬತ್ತರಷ್ಟು ಕುಟುಂಬಗಳು ನಾಶವಾದವೆಂದು ಆಗ ವರದಿಯಾಯಿತು. ಖಾಲಿ ಪೆಟ್ಟಿಗೆಗಳನ್ನು ಜನ ಅಟ್ಟಕ್ಕೆ ಹಾಕಿದರು. 1960ರ ದಶಕದಲ್ಲಿ ಪಂಜಾಬಿನ ಕಡೆ ನೆಲೆಗೊಂಡಿದ್ದ ಇಟಲಿಯ ಜೇನು ದಕ್ಷಿಣಕ್ಕೆ ಬಂದದ್ದೂ ಈ ಸಂಕಟದ ನಂತರವೇ ಹೆಚ್ಚು. ಆದರೆ ತುಡುವೆ ಅಳಿಯಲಿಲ್ಲ. ಯಾರ ಲೆಕ್ಕದಲ್ಲೂ ಇಲ್ಲದೆ ಕಾಡಿನ ಪೊಟರೆಗಳಲ್ಲಿ ರೋಗ ಗೆದ್ದು ಉಳಿದ ಕುಟುಂಬಗಳಿದ್ದವು. ಪೆಟ್ಟಿಗೆಗಳು ಮತ್ತೆ ತುಂಬಿದ್ದು ಅವುಗಳಿಂದ. ಬಿತ್ತನೆಯ ಬೀಜ ಮನೆಯಲ್ಲಿ ಮುಗಿದಾಗ ಕಾಡೇ ಹಗೇವಾಯಿತು.

ಇನ್ನು ನಮ್ಮ ಸೀಮೆಗೆ ಬರೋಣ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಎಂದರೆ ಕಪ್ಪು ಮಣ್ಣು, ಅದರಡಿಯಲ್ಲಿ ಫರಸಿ ಕಲ್ಲು, ಮೇಲೆ ಏಪ್ರಿಲ್ ಮೇ ತಿಂಗಳ ಕೆಂಡದಂತಹ ಬಿಸಿಲು. ಪೊಟರೆ ಬೀಳುವಷ್ಟು ಮುದಿಯಾದ ಮರಗಳು ಇಲ್ಲಿ ವಿರಳ. ತಂಪು ಬಯಸುವ ತುಡುವೆಗೆ ಇದು ತೌರುಮನೆಯಲ್ಲ. ಚಿಂಚೋಳಿಯ ಕಾಡಿನ ಅಂಚಿನಲ್ಲಿ, ಒಂದು ತಾಂಡಾದ ಬಳಿ, ಮರದ ಪೊಟರೆಯೊಳಗೆ ಅದನ್ನು ಒಮ್ಮೆ ನೋಡಿದ್ದೇನೆ, ಅಷ್ಟೆ. ನಮ್ಮ ಬಯಲಿನ ಜೇನೆಂದರೆ ಎರಡು: ಕೊಂಬೆಗೆ ಜೋತುಬೀಳುವ ಹೆಜ್ಜೇನು, ಬೇಲಿಯ ಕಡ್ಡಿಗೆ ಅಂಗೈಯಗಲದ ಹುಟ್ಟು ಕಟ್ಟುವ ಕೋಲುಜೇನು. ಎರಡೂ ಬಿಸಿಲು ತಾಳುವ ಜಾತಿ. ಎರಡೂ ಬಯಲಿನಲ್ಲಿ ಒಂದೇ ಒಂದು ಹುಟ್ಟು ಕಟ್ಟುವಂಥವು. ಕತ್ತಲೆಯ ಪೆಟ್ಟಿಗೆಯಲ್ಲಿ ಇವು ನಿಲ್ಲುವುದಿಲ್ಲ. ಪೆಟ್ಟಿಗೆಯ ಚಳವಳಿ ನಮ್ಮಲ್ಲಿ ಬೇರೂರದಿರಲು ನಿಜಾಮರ ಆಡಳಿತವನ್ನೋ ನಮ್ಮ ಸೋಮಾರಿತನವನ್ನೋ ದೂರುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಜೇನಿನ ಗುಣವೇ ಅದಕ್ಕೆ ಮುಖ್ಯ ಕಾರಣ.

ಹಾಗೆಂದು ನಮ್ಮವರಿಗೆ ಜೇನಿನ ನಂಟಿರಲಿಲ್ಲವೆಂದಲ್ಲ. ಕಲ್ಯಾಣದಿಂದ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ' ಹನ್ನೆರಡನೆಯ ಶತಮಾನದ ಗ್ರಂಥ. ಅದರಲ್ಲಿ ಲೋಹದ ಮೂರ್ತಿ ಎರಕ ಹೊಯ್ಯುವ ವಿಧಾನವಿದೆ. ಮೊದಲು ಜೇನುಮೇಣದಲ್ಲಿ ಮೂರ್ತಿ ಮಾಡಿ, ಮೇಲೆ ಮಣ್ಣು ಮೆತ್ತಿ, ಕಾಯಿಸಿ ಮೇಣ ಕರಗಿಸಿ, ಆ ಟೊಳ್ಳಿಗೆ ಲೋಹ ಹೊಯ್ಯುವುದು. ಮೇಣವನ್ನು ತೂಗಿ, ಅದರ ಲೆಕ್ಕದಲ್ಲಿ ಲೋಹವನ್ನು ತೆಗೆದುಕೊಳ್ಳಬೇಕೆಂದೂ ಹೇಳಿದೆ. ಪೆಟ್ಟಿಗೆಯಿಲ್ಲದ ಕಾಲದಲ್ಲಿ ಅಷ್ಟೆಲ್ಲ ಮೇಣ ಮರ ಬಂಡೆಗಳ ಹುಟ್ಟಿನಿಂದಲೇ ಬಂದಿರಬೇಕು. ಪಾಠ ಮಾಡುವಾಗ ಚಾಲುಕ್ಯರ ಶಿಲ್ಪವನ್ನು ಎಷ್ಟು ಸಲ ಹೊಗಳಿದೆನೋ, ಮೇಣ ಕೊಟ್ಟ ಹುಳುವನ್ನು ಒಮ್ಮೆಯೂ ನೆನೆಯಲಿಲ್ಲ.

ನಾನು ಹುಡುಗನಾಗಿದ್ದಾಗ ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ ಸಜ್ಜೆರೊಟ್ಟಿ ಉಂಡ ಮೇಲೆ ನಮ್ಮ ಕೆಲಸ ಒಂದೇ: ಬೇಲಿ ಬೇಲಿ ತಿರುಗಿ ಕೋಲುಜೇನು ಹುಡುಕುವುದು. ಸಿಗುತ್ತಿದ್ದುದು ಒಂದೆರಡು ಚಮಚ ತುಪ್ಪ. ತಾತ ಮಾತ್ರ ಕಡ್ಡಿಯ ಮೇಲ್ಭಾಗದ ತುಪ್ಪದ ಗಡ್ಡೆಯನ್ನಷ್ಟೇ ಕೊಯ್ದು, ಮರಿಗಳಿದ್ದ ಭಾಗವನ್ನು ಇದ್ದಲ್ಲಿಯೇ ಬಿಡುತ್ತಿದ್ದರು. ಜಿಪುಣತನವೆಂದು ನಾವು ನಗುತ್ತಿದ್ದೆವು. ಎಷ್ಟೋ ವರ್ಷದ ಮೇಲೆ ಓಮಾನ್ ದೇಶದವರ ಕ್ರಮವನ್ನು ಓದಿದೆ. ಅಲ್ಲಿಯೂ ಸುಡುವ ಒಣಭೂಮಿ, ಅಲ್ಲಿಯೂ ಇದೇ ಕೋಲುಜೇನು. ಅವರು ಹುಟ್ಟನ್ನು ಸೀಳಿದ ಕೋಲಿನ ನಡುವೆ ಸಿಕ್ಕಿಸಿ ತಂದು ನೆರಳಿನಲ್ಲೋ ಗುಹೆಯಲ್ಲೋ ಇಟ್ಟು ಸಾಕುತ್ತಾರೆ. ಪೆಟ್ಟಿಗೆಯೇ ಇಲ್ಲದ ಸಾಕಣೆ!

ಈಗ ಆ ತಪ್ಪಿನ ಮಾತು. 1994ರ ಮಾರ್ಚ್ ತಿಂಗಳು. ನಾನಿದ್ದ ಶಾಲೆಯ ಅಂಗಳದ ಆಲದ ಮರಕ್ಕೆ ಪ್ರತಿ ವರ್ಷ ದಸರೆ ದೀಪಾವಳಿಯ ಹೊತ್ತಿಗೆ ಹೆಜ್ಜೇನು ಬಂದು, ಬೇಸಗೆಯ ನಡುವೆ ಹೊರಟುಹೋಗುತ್ತಿತ್ತು. ಆ ವರ್ಷ ಏಳು ಹುಟ್ಟುಗಳಿದ್ದವು. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಿತ್ತು. ಒಬ್ಬ ಹುಡುಗ ಕಲ್ಲೆಸೆದು, ಇನ್ನೊಬ್ಬನಿಗೆ ಹತ್ತಾರು ಕಡೆ ಕಚ್ಚಿ ಜ್ವರ ಬಂದಿತ್ತು. "ಮರ ಖಾಲಿ ಮಾಡಿಸಬೇಕು" ಎಂದವನು ನಾನೇ. ರಾತ್ರಿ ಉದ್ದನೆಯ ಬೊಂಬಿಗೆ ಸೀಮೆಎಣ್ಣೆಯ ಬಟ್ಟೆ ಸುತ್ತಿ ಸುಟ್ಟರು. ಬೆಳಗ್ಗೆ ಪ್ರಾರ್ಥನೆಗೆ ನಿಂತಾಗ ಕಾಲಡಿಯಲ್ಲಿ ಸುಟ್ಟ ಹುಳುಗಳು ಕಡಲೆಹೊಟ್ಟಿನಂತೆ ಬಿದ್ದಿದ್ದವು. ಮರುವರ್ಷ ಆ ಮರಕ್ಕೆ ಒಂದೂ ಬರಲಿಲ್ಲ. ನಾನು ವರ್ಗವಾಗಿ ಹೋಗುವವರೆಗೂ ಬರಲಿಲ್ಲ.

2000ದಲ್ಲಿ 'ನೇಚರ್' ಪತ್ರಿಕೆಯಲ್ಲಿ ಅಸ್ಸಾಮಿನ ಹೆಜ್ಜೇನಿನ ಮೇಲೆ ಒಂದು ಅಧ್ಯಯನ ಬಂದಿತು. ವಂಶವಾಹಿ ಪರೀಕ್ಷಿಸಿ ನೋಡಿದಾಗ, ತಿಂಗಳುಗಟ್ಟಲೆ ವಲಸೆ ಹೋದ ಕುಟುಂಬ ಅದೇ ರಾಣಿಯೊಂದಿಗೆ ಅದೇ ನೆಲೆಗೆ ಮರಳಿದ್ದು ಕಂಡುಬಂದಿತಂತೆ. ಕೆಲಸಗಾರ ಹುಳುವಿನ ಆಯುಷ್ಯ ಕೆಲವೇ ವಾರ. ಹೋದವು ಬೇರೆ, ಬಂದವು ಬೇರೆ. ರಾಣಿ ಒಬ್ಬಳೇ ಹಳಬಳು. ಇದನ್ನು ನಾನು ಓದಿದ್ದು ನಿವೃತ್ತಿಯಾದ ಮೇಲೆ. ಆ ರಾತ್ರಿ ನಿದ್ರೆ ಬರಲಿಲ್ಲ.

ಹುಳುವಿಗೆ ನಮ್ಮ ಹೊಲಗಳೂ ಒಳ್ಳೆಯದನ್ನು ಮಾಡಿಲ್ಲ. 1997-98ರಲ್ಲಿ ಕಾಯಿಕೊರಕ ಹುಳು ನಮ್ಮ ಜಿಲ್ಲೆಯ ತೊಗರಿಯನ್ನು ತಿಂದುಹಾಕಿದ್ದು ಹಿರಿಯರಿಗೆ ನೆನಪಿದ್ದೀತು. ಹೂವಿನ ಹೊತ್ತಿನಲ್ಲಿಯೇ ಎಣ್ಣೆ ಹೊಡೆದದ್ದೇ ಹೊಡೆದದ್ದು. ಅದೇ ಸಮಯದಲ್ಲಿ ಕೆಲವರು ಗಿಡವನ್ನು ಅಲುಗಾಡಿಸಿ, ಕೆಳಗೆ ಹಾಸಿದ ಬಟ್ಟೆಗೆ ಹುಳು ಉದುರಿಸಿ ನಾಶಮಾಡಿದರು. ಆ ಉಪಾಯದಿಂದ ಜೇನಿಗೆ ಅಪಾಯವಿರಲಿಲ್ಲ. ಎಂಡೋಸಲ್ಫಾನ್ ಅಂತೂ 2011ರಲ್ಲಿ ನಿಷೇಧವಾಯಿತು. ಬೇರೆ ಹೆಸರಿನ ಡಬ್ಬಿಗಳು ಬಂದವು. ತೊಗರಿಗೆ ಜೇನು ಬೇಕೇಬೇಕೆಂದು ನಾನು ಹೇಳಲಾರೆ. ಅದು ಮೊಗ್ಗಿನಲ್ಲಿಯೇ ತನ್ನಷ್ಟಕ್ಕೆ ಪರಾಗ ಪಡೆಯಬಲ್ಲದು. ಆದರೆ ಪಟಾನ್‌ಚೆರುವಿನ ಇಕ್ರಿಸ್ಯಾಟ್ ವಿಜ್ಞಾನಿಗಳು ರೂಪಿಸಿದ ಸಂಕರಣ ತೊಗರಿಯ ಬೀಜೋತ್ಪಾದನೆ ಪೂರ್ತಿಯಾಗಿ ಜೇನುಜಾತಿಯ ಹುಳುಗಳ ಹಾರಾಟದ ಮೇಲೆ ನಿಂತಿದೆ. ಸೂರ್ಯಪಾನದ ಮಾತು ಇನ್ನೂ ನೇರ: ಹುಳು ಕೂರದಿದ್ದರೆ ತೆನೆಯ ತುಂಬ ಜೊಳ್ಳು.

ಚಿಂಚೋಳಿಯ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ಗೊಟ್ಟಂಗೊಟ್ಟ, ಚಂದ್ರಂಪಳ್ಳಿಗಳಿಗೆ ಮಕ್ಕಳನ್ನು ಪ್ರವಾಸ ಕರೆದೊಯ್ಯುವವರು ನೀರು ನೋಡಿ ಮರಳುತ್ತಾರೆ. ಸ್ವಲ್ಪ ತಲೆಯೆತ್ತಿ ಮರಗಳನ್ನೂ ನೋಡಲಿ.

ಆ ವಿದ್ಯಾರ್ಥಿಗೆ ನನ್ನ ಉತ್ತರ ಇಷ್ಟು. ತುಡುವೆ ಪೆಟ್ಟಿಗೆ ನಿನ್ನ ಹೊಲದ ಬಿಸಿಲಿಗೆ ಕಷ್ಟ. ಇಟ್ಟರೂ ದಟ್ಟ ನೆರಳು, ಹತ್ತಿರದಲ್ಲಿ ನೀರು ಇರಲೇಬೇಕು. ಇಟಲಿಯ ಜೇನಿನ ಪೆಟ್ಟಿಗೆಯನ್ನು ಸೂರ್ಯಪಾನ ಅರಳಿದಾಗ ತಂದಿಟ್ಟು, ಮುಗಿದ ಮೇಲೆ ಬೇರೆ ಹೂವಿನ ಕಡೆ ಒಯ್ಯುವವರಿದ್ದಾರೆ, ಅವರೊಡನೆ ಮಾತಾಡು. ನಿನ್ನ ಬಾವಿಯ ಹತ್ತಿರದ ಹುಣಸೆ ಮರದಲ್ಲಿ ಹೆಜ್ಜೇನು ಕೂರುತ್ತದೆಂದು ನೀನೇ ಹೇಳಿದೆ. ಅದನ್ನು ಸುಡಿಸಬೇಡ. ತುಪ್ಪ ಬೇಕಾದರೆ ಹೊಗೆ ಹಾಕಿ ಮೇಲಿನ ಗಡ್ಡೆಯನ್ನಷ್ಟೇ ಕೊಯ್ಯುವವರನ್ನು ಕರೆಸು. ಎಣ್ಣೆ ಹೊಡೆಯಲೇಬೇಕಾದರೆ ಹುಳು ಗೂಡಿಗೆ ಮರಳಿದ ಸಂಜೆಯ ಹೊತ್ತು ನೋಡಿಕೊ.

ಇದನ್ನು ಫೋನಿನಲ್ಲಿ ಓದಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ, ಆ ಹುಣಸಿಮರ ನಮ್ಮ ಅಣ್ಣನ ಪಾಲಿಗೆ ಬಂದದರಿ, ಮಾರತೀನಿ ಅಂತಾನ" ಎಂದ. ಎಷ್ಟಕ್ಕೆ ಕೇಳಿದ್ದಾರೆಂದು ವಿಚಾರಿಸಲು ಹೇಳಿದ್ದೇನೆ.