ರಸ ತೆಗೆದ ಮೇಲಿನ ಕಸ

ಚಾಂಪಿಯನ್ ರೀಫ್ಸ್ ಸುತ್ತಮುತ್ತ ಕಾಣುವ ‘ಸೈನೈಡ್ ಗುಡ್ಡ’ಗಳು ನಿಜವಾದ ಗುಡ್ಡಗಳಲ್ಲ. ಅವು ಚಿನ್ನ ತೆಗೆದ ಮೇಲೆ ಸುರಿದ ಕಲ್ಲುಪುಡಿಯ ರಾಶಿಗಳು. ಗಣಿ 2001ರಲ್ಲಿ ಮುಚ್ಚಿದರೂ ಆ ಪುಡಿಯಲ್ಲಿ ಉಳಿದಿರುವ ಚಿನ್ನದ ಲೆಕ್ಕಾಚಾರ ಮುಗಿದಿಲ್ಲ. ಕಸಕ್ಕೂ ಬೆಲೆಯುಂಟು, ಆದರೆ ಅದನ್ನು ಪಡೆಯಲು ತಗಲುವ ಖರ್ಚು ಗಿಟ್ಟಬೇಕು. ಕಾವೇರಿ ಬಯಲಿನ ಕಬ್ಬಿನ ರಚ್ಚಿನ ಕಥೆಯೂ ಇದೇ.

ನೂರು ಕಿಲೋ ಕಬ್ಬು ಅರೆದರೆ ಸುಮಾರು ಮೂವತ್ತು ಕಿಲೋ ಹಸಿ ರಚ್ಚು ಉಳಿಯುತ್ತದೆ. ಅದರಲ್ಲಿ ಅರ್ಧದಷ್ಟು ನೀರೇ. ಆಲೆಮನೆಯಲ್ಲಿ ಅದನ್ನು ಒಣಗಿಸಿ ಕೊಪ್ಪರಿಗೆಯ ಕೆಳಗೆ ಉರಿಸುತ್ತಾರೆ. ಸಕ್ಕರೆ ಕಾರ್ಖಾನೆಯಲ್ಲಿ ಅದು ಬಾಯ್ಲರಿಗೆ ಹೋಗುತ್ತದೆ.

ಕಾಗದ ಮಾಡಬೇಕಾದರೆ ಮೊದಲು ರಚ್ಚಿನೊಳಗಿನ ಬೆಂಡನ್ನು ಬೇರ್ಪಡಿಸಬೇಕು. ಉಳಿದ ನಾರನ್ನು ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿ ತಿರುಳು ಮಾಡುತ್ತಾರೆ. ಪೊಟ್ಟಣ ಕಟ್ಟುವ ಕಾಗದವನ್ನು ಬಿಳುಪಾಗಿಸುವ ಅಗತ್ಯವಿಲ್ಲ. ಕಂದು ಬಣ್ಣವೇ ಸಾಕು. ಆದರೆ ಕಬ್ಬಿನ ನಾರು ಗಿಡ್ಡ. ಕಾಗದ ಹರಿಯದಿರಲು ಬಿದಿರು ಅಥವಾ ಹಳೆಯ ರಟ್ಟಿನ ಉದ್ದ ನಾರನ್ನು ಬೆರೆಸುತ್ತಾರೆ.

ಈ ಯೋಚನೆ ಹಳೆಯದು. ಲಂಡನ್ನಿನ ಮಥಾಯಸ್ ಕೂಪ್ಸ್ 1800ರಲ್ಲಿ ಒಣಹುಲ್ಲಿನ ಕಾಗದದ ಮೇಲೆ ಪುಸ್ತಕವನ್ನೇ ಅಚ್ಚು ಹಾಕಿಸಿದ. ಅವನ ಉದ್ಯಮ ಮುಳುಗಿತು. ಹುಲ್ಲಿನ ಕಾಗದ ಮಾತ್ರ ಅಂಗಡಿಗಳಲ್ಲಿ ಸಾಮಾನು ಸುತ್ತುವ ಕಾಗದವಾಗಿ ಬಹುಕಾಲ ಬದುಕಿತು.

ನಮ್ಮಲ್ಲಿ 1936ರಲ್ಲಿ ಸ್ಥಾಪನೆಯಾದ ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ ಕಾಡಿನ ಬಿದಿರನ್ನು ನಂಬಿತ್ತು. ಶ್ರೀರಂಗಪಟ್ಟಣದ ಬಳಿಯ ಬೆಳಗೊಳದಲ್ಲಿ ಮಂಡ್ಯ ನ್ಯಾಷನಲ್ ಪೇಪರ್ ಮಿಲ್ಸ್ ರಚ್ಚನ್ನು ನಂಬಿ ಬಂತು. ಮುಂದೆ ಭದ್ರಾವತಿ ಕಾರ್ಖಾನೆಯೂ ತನ್ನದೇ ಸಕ್ಕರೆ ಘಟಕ ಕಟ್ಟಿ ಅಲ್ಲಿನ ರಚ್ಚನ್ನು ಬಳಸಿತು. ಇಂದು ಬೆಳಗೊಳದ ಕಾರ್ಖಾನೆ ಇಲ್ಲ. ಭದ್ರಾವತಿಯ ಯಂತ್ರಗಳೂ 2015ರ ಹೊತ್ತಿಗೆ ನಿಂತವು.

ಅವು ನಿಲ್ಲಲು ಕಾರಣ ಹಲವು. ಆದರೆ ರಚ್ಚು ನಂಬಿದ ಯಾವ ಕಾಗದ ಕಾರ್ಖಾನೆಗೂ ಎರಡು ತೊಡಕು ತಪ್ಪಿದ್ದಲ್ಲ. ರಚ್ಚು ಬೇಕಾದರೆ ಸಕ್ಕರೆ ಕಾರ್ಖಾನೆಗೆ ಬದಲಿ ಉರುವಲು ಒದಗಿಸಬೇಕು. ತಿರುಳು ಬೇಯಿಸಿ ಉಳಿದ ಕಪ್ಪು ದ್ರಾವಣದಿಂದ ಸೋಡಾ ಮರಳಿ ಪಡೆಯುವ ಯಂತ್ರವೂ ಬೇಕು. ಅದು ಸಣ್ಣ ಮಿಲ್ಲುಗಳಿಗೆ ಎಟುಕದ ದುಬಾರಿ. ಇಲ್ಲದಿದ್ದರೆ ನೀರು ಕೆಡುತ್ತದೆ. ಹೀಗಾಗಿ ಅನೇಕ ಸಣ್ಣ ಮಿಲ್ಲುಗಳು ಹಳೆಯ ಕಾಗದವನ್ನೇ ಮತ್ತೆ ಅರೆಯುವ ದಾರಿ ಹಿಡಿದವು.

ಈಗ ಸಕ್ಕರೆ ಕಾರ್ಖಾನೆಗಳು ರಚ್ಚು ಉರಿಸಿ ವಿದ್ಯುತ್ತನ್ನೂ ಮಾರುತ್ತವೆ. ಪ್ಲಾಸ್ಟಿಕ್ ನಿರ್ಬಂಧದಿಂದ ಕಾಗದದ ಚೀಲಕ್ಕೆ ಬೇಡಿಕೆ ಬಂದಿದ್ದರೂ ಅದಕ್ಕೆ ಬೇಕಾದ ರಚ್ಚು ಅಗ್ಗವಾಗಿ ಉಳಿದಿಲ್ಲ. ಕಸದಿಂದ ರಸ ತೆಗೆಯಬೇಕೆನ್ನುವವರು, ಅದು ಈಗಾಗಲೇ ಯಾರ ಒಲೆ ಉರಿಸುತ್ತಿದೆ ಎಂದು ಮೊದಲು ವಿಚಾರಿಸುವುದು ಒಳ್ಳೆಯದು.