ಒಡೆಯರ ತಂಡ, ಊರಿನ ಹೆಸರು

ಬೈಕುಲ್ಲಾದಲ್ಲಿ ಗಿರಣಿಯ ಭೋಂಗಾ ಕೂಗುತ್ತಿದ್ದ ಕಾಲದಲ್ಲಿ ಮುಂಬಯಿಯ ಹಲವು ಫುಟ್ಬಾಲ್ ತಂಡಗಳು ಒಡೆಯರ ಹೆಸರನ್ನೇ ಹೊತ್ತಿದ್ದವು: ಟಾಟಾ, ಮಫತ್‌ಲಾಲ್, ಮಹೀಂದ್ರ. ಆಟಗಾರನಿಗೆ ಅಲ್ಲಿ ನೌಕರಿ ದೊರೆಯುತ್ತಿತ್ತು. ಅದನ್ನು ನಾವು ಹಗುರವಾಗಿ ಕಾಣಲಾರೆವು. ಆದರೆ ಸಂಬಳದ ಪಟ್ಟಿಯಲ್ಲಿಲ್ಲದ ಪ್ರೇಕ್ಷಕನಿಗೆ ಯಾವ ಹಕ್ಕಿತ್ತು? 2005-06ರ ರಾಷ್ಟ್ರೀಯ ಲೀಗ್ ಗೆದ್ದ ಮಹೀಂದ್ರ ಯುನೈಟೆಡ್ ತಂಡವನ್ನು 2010ರಲ್ಲಿ ಕಂಪನಿಯೇ ವಿಸರ್ಜಿಸಿತು. ಇನ್ನು ಶಾಲಾ ಮಕ್ಕಳ ಫುಟ್ಬಾಲಿಗೆ ಒತ್ತು ಕೊಡುವುದಾಗಿ ಹೇಳಿತು. ಉದ್ದೇಶ ಒಳ್ಳೆಯದೇ. ಬೈಕುಲ್ಲಾದಿಂದ ಲೋಕಲ್ ಹಿಡಿದು ಕೂಪರೇಜ್ ಮೈದಾನಕ್ಕೆ ಹೋಗುವವರ ಮಾತು ಮಾತ್ರ ಲೆಕ್ಕಕ್ಕೆ ಬರಲಿಲ್ಲ.

ಇದಕ್ಕೆ ಬಹಳ ಹಿಂದೆ, 1937ರಲ್ಲಿ, ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅದೇ ಗೆದ್ದಿತು. ಆ ಹೆಸರಿನಲ್ಲಿ ಊರಿತ್ತು, ಸಮುದಾಯವಿತ್ತು, ಕಂಪನಿ ಇರಲಿಲ್ಲ.

2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿಯಲ್ಲಿ ಎರಡೂ ಬೆರೆತಿವೆ. ಹೆಸರು ಬೆಂಗಳೂರಿನದು, ಒಡೆತನ ಮುಂಬಯಿಯ ಜೆಎಸ್‌ಡಬ್ಲ್ಯು ಸಮೂಹದ್ದು, ತೋರಣಗಲ್ಲಿನಲ್ಲಿ ಉಕ್ಕು ಕಾಯಿಸುವ ಸಂಸ್ಥೆಯದು. 2019ರ ಮಾರ್ಚ್ 17ರಂದು ನಮ್ಮ ಅಂಧೇರಿಯಲ್ಲೇ ನಡೆದ ಐಎಸ್‌ಎಲ್ ಅಂತಿಮ ಪಂದ್ಯದಲ್ಲಿ, ಹೆಚ್ಚುವರಿ ಸಮಯದಲ್ಲಿ ರಾಹುಲ್ ಭೆಕೆ ತಲೆಯಿಂದ ಹೊಡೆದ ಗೋಲು ಗೋವಾ ತಂಡವನ್ನು ಸೋಲಿಸಿತು. ಮೈದಾನ ಮುಂಬಯಿಯದು, ಒಡೆಯರು ಮುಂಬಯಿಯವರು, ಭೆಕೆಯೂ ಮುಂಬಯಿಯವರೇ. ಆದರೂ ಮುಂಬಯಿ ಕನ್ನಡಿಗರಾದ ನಮಗೆ ಗೆದ್ದದ್ದು ಬೆಂಗಳೂರು. ಒಂದು ಹೆಸರಿಗೆ ಇಷ್ಟು ಬಲವಿದೆಯೆಂಬುದು ಒಡೆಯರಿಗೂ ಚೆನ್ನಾಗಿ ಗೊತ್ತು.

2025ರ ಆಗಸ್ಟಿನಲ್ಲಿ ಲೀಗಿನ ಭವಿಷ್ಯವೇ ಅತಂತ್ರವಾದಾಗ, ಅದೇ ತಂಡ ತನ್ನ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯಿತು.